ನಡೆಯದವರ ನಕ್ಷೆಯಲ್ಲಿ ನಮ್ಮ ಅಡವಿ



ಧಾರವಾಡ ಹಾಗೂ ಹುಬ್ಬಳ್ಳಿಯ ಜನರಿಗೆ ಇಂದು ‘ಅಡವಿ’ ಎಂದರೆ ದಾಂಡೇಲಿ. ವಾರಾಂತ್ಯ ಬಂತೆಂದರೆ ವಾಹನಗಳ ಸಾಲು ಹಳಿಯಾಳದ ದಾರಿ ಹಿಡಿಯುತ್ತದೆ. ಅಲ್ಲಿ ರೆಸಾರ್ಟಿನ ಕೋಣೆ, ಸಂಜೆ ಬೆಂಕಿಯ ಸುತ್ತ ಹಾಡು-ಕುಣಿತ, ಬೆಳಿಗ್ಗೆ ಜೀಪಿನಲ್ಲಿ ಒಂದು ಸುತ್ತು. ಮರಳಿ ಬರುವಾಗ ‘ಪ್ರಾಣಿ ಒಂದೂ ಕಾಣಲಿಲ್ಲ’ ಎಂಬ ದೂರು. ಹೋಗುವಾಗಲೂ ಬರುವಾಗಲೂ ರಸ್ತೆಯ ಎರಡೂ ಬದಿಗೆ ನಿಂತಿದ್ದ ಮತ್ತಿ, ದಿಂಡಲ, ಸಾಗವಾನಿ, ಮುತ್ತುಗಗಳ ಅಡವಿಯನ್ನು ಇವರಲ್ಲಿ ಯಾರೂ ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಅದು ಅವರ ಪಾಲಿಗೆ ‘ದಾರಿಯಲ್ಲಿ ಸಿಕ್ಕ ಕುರುಚಲು’.

ಈ ಕುರುಡುತನ ಕೇವಲ ಪ್ರವಾಸಿಗರ ಅಭಿರುಚಿಯ ಪ್ರಶ್ನೆಯಾಗಿದ್ದರೆ ನಮ್ಮ ಪತ್ರಿಕೆಯ ಪುಟಗಳನ್ನು ಅದಕ್ಕಾಗಿ ಖರ್ಚು ಮಾಡಬೇಕಾಗಿರಲಿಲ್ಲ. ಆದರೆ ಯಾವ ಅಡವಿಯಲ್ಲಿ ಯಾರೂ ನಡೆದಾಡುವುದಿಲ್ಲವೋ ಆ ಅಡವಿ ಕಾಗದದ ಮೇಲೆ ಮೊದಲು ಸಾಯುತ್ತದೆ, ನೆಲದ ಮೇಲೆ ಆಮೇಲೆ ಸಾಯುತ್ತದೆ. ಕಚೇರಿಯಲ್ಲಿ ಕುಳಿತವರು ಅದನ್ನು ‘ಹಾಳುಬಿದ್ದ ಜಮೀನು’ ಎಂದು ಬರೆದಾಗ, ‘ಅಲ್ಲ, ನಾವು ಅಲ್ಲಿ ನಡೆದಿದ್ದೇವೆ, ಅಲ್ಲಿ ಏನಿದೆ ಎಂದು ಬಲ್ಲೆವು’ ಎಂದು ಹೇಳಲು ಸಾಕ್ಷಿಗಳೇ ಇಲ್ಲವಾಗುತ್ತಾರೆ. ಆದ್ದರಿಂದಲೇ ಅಡವಿಯಲ್ಲಿ ನಡೆಯುವುದು ವಿಹಾರವಷ್ಟೇ ಅಲ್ಲ, ಅದೊಂದು ಸಾಕ್ಷ್ಯ ಎಂಬುದು ಈ ಲೇಖನದ ವಾದ. ಅಡವಿಯನ್ನು ಹಣವಿದ್ದವರಿಗೆ ತೆರೆದು, ಅದರ ಅಂಚಿನಲ್ಲಿ ಬದುಕುವವರಿಗೆ ಮುಚ್ಚುವ ಇಂದಿನ ನೀತಿಯನ್ನು ನಾವು ವಿರೋಧಿಸಲೇಬೇಕಾಗಿದೆ.

ಕುರುಚಲು ಎಂದು ಕರೆದ ಅಡವಿಯಲ್ಲಿ ಇರುವುದೇನು?

ಭೂಗೋಳದ ದೃಷ್ಟಿಯಿಂದ ನಮ್ಮ ಪ್ರದೇಶ ಅಪರೂಪದ್ದು. ಕರ್ನಾಟಕದ ಕೃಷಿ ಹವಾಮಾನ ವಲಯಗಳ ವಿಂಗಡಣೆಯಲ್ಲಿ ಧಾರವಾಡ ಮತ್ತು ಹುಬ್ಬಳ್ಳಿ ಉತ್ತರ ಪರಿವರ್ತನಾ ವಲಯಕ್ಕೆ ಸೇರಿದರೆ, ನೆರೆಯ ಕಲಘಟಗಿ ಗುಡ್ಡಗಾಡು ವಲಯಕ್ಕೆ ಸೇರುತ್ತದೆ. ಪೂರ್ವಕ್ಕೆ ನವಲಗುಂದದ ಎರೆಹೊಲ, ಪಶ್ಚಿಮಕ್ಕೆ ಹಳಿಯಾಳ, ಯಲ್ಲಾಪುರಗಳ ದಟ್ಟ ಕಾಡು. ನಡುವಿನ ಕೆಲವೇ ಹರದಾರಿಗಳಲ್ಲಿ ಮಳೆ ಬದಲಾಗುತ್ತದೆ, ಮಣ್ಣು ಕಪ್ಪಿನಿಂದ ಕೆಂಪಿಗೆ ತಿರುಗುತ್ತದೆ, ಬೆಳೆ ಜೋಳದಿಂದ ಭತ್ತಕ್ಕೆ ಹೊರಳುತ್ತದೆ. ಬಯಲುಸೀಮೆ ಮತ್ತು ಮಲೆನಾಡು ಕೈ ಕೈ ಹಿಡಿಯುವ ಈ ಸೆರಗಿನಲ್ಲಿ ಎರಡೂ ಕಡೆಯ ಗಿಡಮರ, ಹಕ್ಕಿ, ಕೀಟಗಳು ಒಟ್ಟಿಗೆ ಬಾಳುತ್ತವೆ.

ಈ ಎಲೆಯುದುರುವ ಅಡವಿಯನ್ನು ಬೇಸಿಗೆಯಲ್ಲಿ ಕಾರಿನ ಕಿಟಕಿಯಿಂದ ನೋಡಿದವನಿಗೆ ಅದು ಸತ್ತಂತೆ ಕಾಣುತ್ತದೆ. ನಡೆದವನಿಗೆ ಹಾಗಲ್ಲ. ಫೆಬ್ರುವರಿ-ಮಾರ್ಚ್ ತಿಂಗಳಲ್ಲಿ ಎಲೆಯೆಲ್ಲ ಕಳಚಿದ ಮುತ್ತುಗ ಕೆಂಡದಂತೆ ಹೂ ಬಿಡುತ್ತದೆ. ಬೇರೆಲ್ಲ ಒಣಗಿದ ಆ ದಿನಗಳಲ್ಲಿ ಮೈನಾ, ಸೂರಕ್ಕಿ, ಅಳಿಲು, ಜೇನುಗಳಿಗೆ ಅದೇ ಆಸರೆ. ಆಮೇಲೆ ಅದೇ ಮರದ ಎಲೆ ನಮ್ಮ ಮದುವೆಯ ಪತ್ರಾವಳಿಯಾಗುತ್ತದೆ. ಮತ್ತಿಯ ತೊಗಟೆ ಮೊಸಳೆಯ ಚರ್ಮದಂತೆ ಬಿರಿದು ಬೆಂಕಿಯ ಝಳವನ್ನು ತಡೆಯುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಕವಳಿಯ ಮುಳ್ಳುಪೊದೆಗಳು ಹಣ್ಣು ತುಂಬಿಕೊಳ್ಳುತ್ತವೆ. ಆ ಹಣ್ಣಿಗೆ ನಮ್ಮ ಮಕ್ಕಳು ಮಾತ್ರವಲ್ಲ, ಹಕ್ಕಿಗಳು, ನರಿ, ಕರಡಿಗಳೂ ಪಾಲುದಾರರು. ನೆಲ್ಲಿ, ಅಳಲೆ, ತಾರೆಗಳು ನೆರಳಿನ ಜೊತೆಗೆ ಔಷಧಿಯನ್ನೂ ಕೊಡುತ್ತವೆ. ಉದುರಿದ ತರಗೆಲೆ ಗೆದ್ದಲಿನ ಬಾಯಿಗೆ ಹೋಗಿ ಮಣ್ಣಾಗುತ್ತದೆ. ಮೊದಲ ಮಳೆಯ ನೀರನ್ನು ಆ ಮಣ್ಣು ಹೀರಿಕೊಂಡು ತಿಂಗಳುಗಟ್ಟಲೆ ಹಳ್ಳಕ್ಕೆ ಬಿಡುತ್ತದೆ. ಧಾರವಾಡದ ಸೋಮೇಶ್ವರದ ಬಳಿ ಹುಟ್ಟುವ ಶಾಲ್ಮಲೆ ಬೇಡ್ತಿಯನ್ನು ಕೂಡಿ, ಗಂಗಾವಳಿಯಾಗಿ ಅರಬ್ಬಿ ಸಮುದ್ರ ಸೇರುತ್ತದೆ. ನಮ್ಮ ‘ಕುರುಚಲು’ ಎಷ್ಟು ನೀರು ಹಿಡಿದಿಟ್ಟಿತು ಎಂಬುದರ ಮೇಲೆ ಕೆಳಗಿನ ಹೊಲಗಳ ಬಾವಿಗಳ ಮಟ್ಟ ನಿಂತಿದೆ. ಕೃಷಿ ವಿಜ್ಞಾನದ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಪ್ರಯೋಗಾಲಯ ಬೇರೆಲ್ಲಿಯೂ ದೊರೆಯದು.

ಇನ್ನು ವನ್ಯಜೀವಿಗಳ ಮಾತು. ಹುಲಿ ಕಂಡರೆ ಮಾತ್ರ ಅಡವಿ ಎಂಬ ಹುಚ್ಚು ಜೀಪಿನ ಪ್ರವಾಸದಿಂದ ಬಂದದ್ದು. ನಡೆಯುವವನು ಪ್ರಾಣಿಗಿಂತ ಮೊದಲು ಅದರ ಗುರುತನ್ನು ನೋಡಲು ಕಲಿಯುತ್ತಾನೆ: ಕೆಸರಿನಲ್ಲಿ ಮೂಡಿದ ಕಡವೆಯ ಗೊರಸು, ಕರಡಿ ತೋಡಿದ ಹುತ್ತ, ಮುಳ್ಳುಹಂದಿ ಉದುರಿಸಿದ ಮುಳ್ಳು, ಮರಕ್ಕೆ ಮೈಯುಜ್ಜಿದ ಆನೆಯ ಕೆಸರಿನ ಗೆರೆ. ಭತ್ತ ತೆನೆಗಟ್ಟುವ ಕಾಲಕ್ಕೆ ದಾಂಡೇಲಿ, ಹಳಿಯಾಳದ ಕಡೆಯಿಂದ ಆನೆಗಳು ಕಲಘಟಗಿ, ಅಳ್ನಾವರದ ಹೊಲಗಳಿಗೆ ಬರುವುದು ನಮ್ಮ ರೈತರಿಗೆ ಹೊಸತೇನಲ್ಲ. 2021ರ ಸೆಪ್ಟೆಂಬರಿನಲ್ಲಿ ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಬಳಿ ಚಿರತೆ ಕಾಣಿಸಿಕೊಂಡಾಗ ನಗರಕ್ಕೆ ನಗರವೇ ಬೆಚ್ಚಿಬಿದ್ದಿತು. ‘ಚಿರತೆ ಊರಿಗೆ ಬಂತು’ ಎಂದು ಎಲ್ಲರೂ ಕೂಗಿದರು. ಊರು ಚಿರತೆಯ ದಾರಿಗೆ ಅಡ್ಡಲಾಗಿ ಎಷ್ಟು ದೂರ ಬಂದಿದೆ ಎಂದು ಕೇಳಿದವರು ಬೆರಳೆಣಿಕೆಯಷ್ಟು ಮಂದಿ. ಸುತ್ತಲಿನ ಗುಡ್ಡ, ಹಳ್ಳ, ಪೊದೆಗಳನ್ನು ಕಾಲಿನಿಂದ ಬಲ್ಲ ನಾಗರಿಕರಿದ್ದಿದ್ದರೆ ಆ ಪ್ರಶ್ನೆ ಮೊದಲೇ ಹುಟ್ಟುತ್ತಿತ್ತು.

ಅಡವಿಯೂ ಒಂದು ಕಡತ

ಅಡವಿ ಎಂದರೆ ಮನುಷ್ಯನ ಹೆಜ್ಜೆ ಬೀಳದ ತಾಣ ಎಂಬ ಇನ್ನೊಂದು ಭ್ರಮೆಯೂ ಇದೆ. ನಮ್ಮ ಭಾಗದ ಅಡವಿಗಳ ಮಟ್ಟಿಗೆ ಇದು ಇತಿಹಾಸಕ್ಕೆ ಬಗೆದ ಅಪಚಾರ. ಖಾನಾಪುರದ ಕಾಡಿನ ಅಂಚಿನಲ್ಲಿರುವ ಹಲಸಿ ಪ್ರಾಚೀನ ಪಲಾಶಿಕಾ. ಕದಂಬರ ತಾಮ್ರಪಟಗಳು ದೊರೆತ ಊರು. ಕದಂಬ ದೊರೆ ಮೃಗೇಶವರ್ಮ ಜಿನಾಲಯ ಕಟ್ಟಿಸಿದ ಊರು. ಪಲಾಶ ಎಂದರೆ ನಮ್ಮ ಮುತ್ತುಗವೇ. ಒಂದು ಊರಿನ ಹೆಸರಿನಲ್ಲಿ ಒಂದು ಮರ ಹದಿನೈದು ಶತಮಾನಗಳಿಂದ ಮಾತನಾಡುತ್ತಿದೆ. ಕಿತ್ತೂರಿನ ಪತನದ ನಂತರ ಸಂಗೊಳ್ಳಿ ರಾಯಣ್ಣ ಬ್ರಿಟಿಷರ ವಿರುದ್ಧ ಕಾದಾಡಿದ್ದು ಇದೇ ಅಡವಿಗಳನ್ನು ಕೋಟೆಯಾಗಿ ಮಾಡಿಕೊಂಡು. 1831ರ ಜನವರಿ 26ರಂದು ಅವನನ್ನು ಗಲ್ಲಿಗೇರಿಸಿದ ನಂದಗಡವೂ ಅಡವಿಯ ನೆರೆಯ ಊರೇ. ಕಾಲುದಾರಿಗಳನ್ನು ಬಲ್ಲ ಹಳ್ಳಿಗರ ನೆರವಿಲ್ಲದೆ ರಾಯಣ್ಣನ ಹೋರಾಟ ಒಂದು ವಾರವೂ ನಡೆಯುತ್ತಿರಲಿಲ್ಲ.

ದೊಡ್ಡ ಹೆಸರುಗಳನ್ನು ಬಿಡಿ. ಪೊದೆಗಳ ನಡುವೆ ಒರಗಿದ ವೀರಗಲ್ಲು, ಮಾಸ್ತಿಗಲ್ಲುಗಳು, ಹೂಳು ತುಂಬಿದ ಕೆರೆ, ಒಡೆದ ಕಟ್ಟೆ, ಕಂದಾಯ ದಾಖಲೆಯಲ್ಲಿ ‘ಬೇಚರಾಕ್’ ಎಂದು ನಮೂದಾದ, ಜನ ಬಿಟ್ಟುಹೋದ ಊರಿನ ನೆಲೆಗಳು ನಮ್ಮ ಸೀಮೆಯಲ್ಲಿ ಕಡಿಮೆಯೇನಿಲ್ಲ. ಅಡವಿಯ ನಡುವೆ ಇದ್ದಕ್ಕಿದ್ದಂತೆ ಹಳೆಯ ಹುಣಸೆ, ಮಾವಿನ ಮರಗಳ ಗುಂಪು ಕಂಡರೆ ಅಲ್ಲಿ ಒಮ್ಮೆ ಒಲೆ ಉರಿದಿತ್ತೆಂದು ಊಹಿಸಬಹುದು. ಬರ ಬಂದು ಹೋದರೋ, ಪ್ಲೇಗು ಬಂದು ಹೋದರೋ, ಕುಮರಿ ಬೇಸಾಯವನ್ನು ಬ್ರಿಟಿಷ್ ಆಡಳಿತ ಹತ್ತಿಕ್ಕಿದ್ದರಿಂದ ಹೋದರೋ? ಇದನ್ನು ಹೇಳಬಲ್ಲವರು ನಮ್ಮ ಹಳ್ಳಿಗಳಲ್ಲಿ ಇನ್ನೂ ಕೆಲವರಿದ್ದಾರೆ. ಅವರೆಲ್ಲ ಎಪ್ಪತ್ತು ದಾಟಿದವರು. 1878ರ ಅರಣ್ಯ ಕಾಯ್ದೆಯಿಂದ ಹಿಡಿದು ಇಂದಿನವರೆಗೆ ಸರ್ಕಾರಿ ಕಡತಗಳು ಅಡವಿಯ ಗಡಿಯನ್ನು ಬರೆದಿವೆ, ಮರದ ಬೆಲೆಯನ್ನು ಬರೆದಿವೆ. ಅದರೊಳಗಿನ ಜನರ ನೆನಪನ್ನು ಬರೆದದ್ದು ಬಹಳ ಕಡಿಮೆ. ಆ ಕೆಲಸ ನಮ್ಮದು.

ನಡೆದವರು ಗೆದ್ದ ಎರಡು ಪ್ರಕರಣಗಳು

‘ಹಳ್ಳಿಗರ ತಿಳಿವಳಿಕೆ’ ಎಂದಾಕ್ಷಣ ಮೂಗು ಮುರಿಯುವ ವಿದ್ಯಾವಂತರಿದ್ದಾರೆ. ಅವರಿಗಾಗಿ ಎರಡು ಪ್ರಕರಣಗಳನ್ನು ನೆನಪಿಸುತ್ತೇನೆ.

ಮೊದಲನೆಯದು ಬಿದಿರಿನದು. 1950ರ ದಶಕದಲ್ಲಿ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾದಾಗ ಉತ್ತರ ಕನ್ನಡದ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂಥ ಪುಡಿಗಾಸಿಗೆ ಒದಗಿಸಲಾಯಿತೆಂದು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಬರೆದಿದ್ದಾರೆ. ಬಿದಿರು ಎಂದೆಂದಿಗೂ ಮುಗಿಯದು ಎಂಬುದು ಅಂದಿನ ಲೆಕ್ಕಾಚಾರ. ಎರಡು ದಶಕಗಳೊಳಗೆ ಬಿದಿರು ಬರಿದಾಗತೊಡಗಿತು. ದೂರು ಎಂದಿನಂತೆ ಹಳ್ಳಿಗರ ಮೇಲೆ, ಅವರ ದನಗಳ ಮೇಲೆ. 1970ರ ದಶಕದಲ್ಲಿ ಗಾಡ್ಗೀಳರೂ ಸಂಗಡಿಗರೂ ಕ್ಷೇತ್ರಕಾರ್ಯ ಮಾಡಿದಾಗ ನಿಜಾಂಶ ಹೊರಬಿತ್ತು. ಬಿದಿರು ಮೆಳೆಯ ಬುಡದಲ್ಲಿ ದಟ್ಟವಾಗಿ ಹೆಣೆದುಕೊಂಡಿರುವ ಮುಳ್ಳಿನ ಹೊದಿಕೆ ಎಳೆಯ ಕಳಲೆಯನ್ನು ದನ ಮತ್ತು ಕಾಡುಪ್ರಾಣಿಗಳಿಂದ ಕಾಯುತ್ತದೆ. ಮೆಳೆ ಚೆನ್ನಾಗಿ ಬೆಳೆಯಲೆಂದು ಅರಣ್ಯಶಾಸ್ತ್ರದ ಹೆಸರಿನಲ್ಲಿ ಆ ಮುಳ್ಳನ್ನೇ ಕಡಿದುಹಾಕಿಸಲಾಗುತ್ತಿತ್ತು. ಮುಳ್ಳು ಹೋದ ಮೇಲೆ ಕಳಲೆ ಉಳಿಯುವುದು ಹೇಗೆ? ಈ ಸಂಗತಿ ಹಳ್ಳಿಗರಿಗೆ ಮೊದಲೇ ಗೊತ್ತಿತ್ತು. ಅವರನ್ನು ಕೇಳಿದವರಿರಲಿಲ್ಲ, ಅಷ್ಟೇ. ವಿಜ್ಞಾನ ಗೆದ್ದದ್ದು ಕಡತ ಓದಿದ್ದರಿಂದಲ್ಲ. ಅಡವಿಯಲ್ಲಿ ನಡೆದು, ನಡೆದವರ ಮಾತು ಕೇಳಿದ್ದರಿಂದ.

ಎರಡನೆಯದು ಕುಸನೂರಿನದು. 1984ರಲ್ಲಿ ರಾಜ್ಯ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿಯನ್ನು ಹುಟ್ಟುಹಾಕಿದವು. ಧಾರವಾಡ, ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ‘ಸಿ’ ಮತ್ತು ‘ಡಿ’ ದರ್ಜೆಯ ಭೂಮಿಯಲ್ಲಿ ನೀಲಗಿರಿಯಂಥ ಗಿಡ ಬೆಳೆದು ನಾರಿನ ಕಾರ್ಖಾನೆಗೆ ಪೂರೈಸುವುದು ಅದರ ಉದ್ದೇಶ. ಕಡತದಲ್ಲಿ ಅವು ‘ಪಾಳುಭೂಮಿ’ಗಳು. ಹಳ್ಳಿಗರ ಪಾಲಿಗೆ ಅವು ಗೋಮಾಳ, ಕಟ್ಟಿಗೆಯ ನೆಲೆ, ಔಷಧಿಯ ತಾಣ, ಹಣ್ಣಿನ ತೋಪು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಈ ಪ್ರಶ್ನೆಯನ್ನು ಎತ್ತಿಕೊಂಡಿತು. 1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ, ಇಂದಿನ ಹಾವೇರಿ ಜಿಲ್ಲೆಯ ಹಾನಗಲ್ ತಾಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಜನ ನೀಲಗಿರಿ ಸಸಿಗಳನ್ನು ಕಿತ್ತು ಅಲ್ಲಿ ಹಣ್ಣಿನ, ಮೇವಿನ ಗಿಡಗಳನ್ನು ನೆಟ್ಟರು. ಶಿವರಾಮ ಕಾರಂತರೂ ಅರ್ಜಿದಾರರಾಗಿ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1991ರಲ್ಲಿ ಆ ಕಂಪನಿ ಮುಚ್ಚಿತು.

ವಿದ್ಯಾರ್ಥಿ ಮಿತ್ರರು ಗಮನಿಸಬೇಕಾದ ಅಂಶವೆಂದರೆ, ಕುಸನೂರಿನ ಜನ ಯಾವ ಗಿಡ ಕೀಳಬೇಕು ಎಂಬುದನ್ನೂ, ಅದರ ಜಾಗದಲ್ಲಿ ಯಾವ ಗಿಡ ಹಚ್ಚಬೇಕು ಎಂಬುದನ್ನೂ ಬಲ್ಲವರಾಗಿದ್ದರು. ದಿನನಿತ್ಯ ಆ ನೆಲದಲ್ಲಿ ತಿರುಗಾಡಿದ್ದರಿಂದಲೇ ಆ ತಿಳಿವಳಿಕೆ ಬಂದಿತ್ತು. ಇಂದು ನಮ್ಮ ಕಾಲೇಜುಗಳ ಪದವೀಧರರನ್ನು ಅದೇ ಗುಡ್ಡದ ಮೇಲೆ ನಿಲ್ಲಿಸಿ, ‘ಇಲ್ಲಿ ಯಾವ ಮರವಿತ್ತು, ಯಾವುದನ್ನು ಹಚ್ಚಬೇಕು?’ ಎಂದು ಕೇಳಿದರೆ ಎಷ್ಟು ಜನ ಉತ್ತರಿಸಬಲ್ಲರು?

ಇಂದಿನ ಕಡತಗಳು

ಆ ಕಥೆ ಹಳೆಯದಾಯಿತು ಎನ್ನುವವರು ಇತ್ತೀಚಿನ ವರ್ಷಗಳನ್ನು ನೋಡಲಿ. 2022ರಲ್ಲಿ ರಾಜ್ಯ ಸರ್ಕಾರ ಪರಿಭಾವಿತ ಅರಣ್ಯದ ವಿಸ್ತೀರ್ಣವನ್ನು 9.94 ಲಕ್ಷ ಹೆಕ್ಟೇರಿನಿಂದ 3.30 ಲಕ್ಷ ಹೆಕ್ಟೇರಿಗೆ ಇಳಿಸಿತು. ಕೈಬಿಟ್ಟ ಭೂಮಿಯಲ್ಲಿ ಬಡ ರೈತರ ಸಾಗುವಳಿ, ಮನೆಮಾರುಗಳೂ ಇದ್ದವು. ಅವರನ್ನು ಅತಂತ್ರದಲ್ಲಿ ಇಟ್ಟಿರುವುದು ಸರಿಯಲ್ಲ ಎಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಆರೂವರೆ ಲಕ್ಷ ಹೆಕ್ಟೇರಿಗೂ ಮೀರಿದ ಆ ನೆಲದಲ್ಲಿ ಎಲ್ಲಿ ಮನೆಯಿದೆ, ಎಲ್ಲಿ ಮರವಿದೆ, ಎಲ್ಲಿ ಹಳ್ಳದ ಮೂಲವಿದೆ ಎಂದು ಊರೂರಿನ ಗ್ರಾಮಸಭೆಯ ಮುಂದೆ ನಕ್ಷೆ ಹರಡಿ ಕೇಳಿದವರು ಯಾರು? ನಿಮ್ಮ ಊರಿನಲ್ಲಿ ಅಂಥ ಸಭೆ ನಡೆದಿದ್ದರೆ ದಯವಿಟ್ಟು ನಮಗೆ ಬರೆದು ತಿಳಿಸಿ.

2023ರಲ್ಲಿ ಕೇಂದ್ರ ಸರ್ಕಾರ ಅರಣ್ಯ ಸಂರಕ್ಷಣಾ ಕಾಯ್ದೆಗೆ ತಂದ ತಿದ್ದುಪಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸಂರಕ್ಷಿತ ಪ್ರದೇಶಗಳ ಹೊರಗಿನ ಅರಣ್ಯದಲ್ಲಿ ಸರ್ಕಾರಿ ಮೃಗಾಲಯ ಮತ್ತು ಸಫಾರಿಗಳನ್ನೂ, ಅರಣ್ಯದ ಕಾರ್ಯಯೋಜನೆಯಲ್ಲಿ ಸೇರಿಸಿದ ಪರಿಸರ ಪ್ರವಾಸೋದ್ಯಮದ ಸೌಲಭ್ಯಗಳನ್ನೂ ಅದು ‘ಅರಣ್ಯೇತರ ಉದ್ದೇಶ’ದ ಪಟ್ಟಿಯಿಂದ ಹೊರಗಿಟ್ಟಿತು. ಎಂದರೆ, ಅಡವಿಯಲ್ಲಿ ಪ್ರವಾಸಿಗರಿಗಾಗಿ ಕಟ್ಟಡ ಎದ್ದರೆ ಕಾನೂನಿನ ಕಣ್ಣಿಗೆ ಅದೂ ಅರಣ್ಯಕಾರ್ಯವೇ! 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಮಧ್ಯಂತರ ಆದೇಶ ನೀಡಿ, ತನ್ನ ಒಪ್ಪಿಗೆಯಿಲ್ಲದೆ ಮೃಗಾಲಯ-ಸಫಾರಿಗಳನ್ನು ಆರಂಭಿಸಕೂಡದೆಂದೂ, ಅರಣ್ಯ ಎಂಬ ಪದಕ್ಕೆ 1996ರ ಗೋದಾವರ್ಮನ್ ಪ್ರಕರಣದ ವಿಶಾಲ ಅರ್ಥವನ್ನೇ ಅನುಸರಿಸಬೇಕೆಂದೂ ಹೇಳಿದ್ದರಿಂದ ಸ್ವಲ್ಪ ಉಸಿರಾಡುವಂತಾಯಿತು. ಕೋರ್ಟಿನ ಉಸಿರಿನ ಮೇಲೆ ಅಡವಿ ಎಷ್ಟು ದಿನ ಬದುಕೀತು?

ಇತ್ತ ನಮ್ಮ ಬಾಗಿಲಿಗೇ ಬಂದರೆ, ಹುಬ್ಬಳ್ಳಿ-ಅಂಕೋಲಾ ರೈಲುಮಾರ್ಗವಿದೆ. ಸುಮಾರು 164 ಕಿ.ಮೀ. ಉದ್ದದ ಈ ಯೋಜನೆ 1990ರ ದಶಕದಿಂದ ಎದ್ದು ಬಿದ್ದು ನಡೆದಿದೆ. 2020ರ ಹೊತ್ತಿಗೆ ಅದಕ್ಕೆ ಕೇಳಿದ್ದ ಅರಣ್ಯ 595 ಹೆಕ್ಟೇರಿಗೂ ಹೆಚ್ಚು. 2020ರ ಮಾರ್ಚಿನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಹೈಕೋರ್ಟು ತಡೆ ನೀಡಿತು. ರೈಲು ಬೇಕೆನ್ನುವವರ ವಾದವನ್ನು ನಾವು ಕೇಳಿಲ್ಲವೆಂದಲ್ಲ. ಬಂದರಿಗೆ ಸಂಪರ್ಕ, ವ್ಯಾಪಾರ, ಉದ್ಯೋಗ — ಎಲ್ಲವೂ ಇರಬಹುದು. ಆದರೆ ಹುಬ್ಬಳ್ಳಿಯ ಸಭೆಗಳಲ್ಲಿ ‘ಬರೀ ಗಿಡಗಂಟಿಗಾಗಿ ರೈಲು ನಿಲ್ಲಿಸುತ್ತಾರೆ’ ಎಂದು ಗುಡುಗುವವರಲ್ಲಿ ಎಷ್ಟು ಮಂದಿ ಕಲಘಟಗಿಯಿಂದ ಯಲ್ಲಾಪುರದವರೆಗಿನ ಆ ‘ಗಿಡಗಂಟಿ’ಯನ್ನು ಒಂದು ಹರದಾರಿ ದೂರವಾದರೂ ನಡೆದು ನೋಡಿದ್ದಾರೆ? ಕಾಣದ ಅಡವಿಯನ್ನು ಬಲಿ ಕೊಡುವುದು ಸುಲಭ. ಬಲ್ಲ ಅಡವಿಯನ್ನು ಕೊಡುವಾಗ ಕೈ ನಡುಗುತ್ತದೆ. ಕಡೇಪಕ್ಷ ಬದಲಿ ದಾರಿ ಇದೆಯೇ ಎಂದು ಕೇಳುವ ವಿವೇಕವಾದರೂ ಮೂಡುತ್ತದೆ.

ಕಪ್ಪತಗುಡ್ಡವನ್ನು ನೋಡಿ. ಗದಗ ಜಿಲ್ಲೆಯ ಆ ಬೆಟ್ಟಸಾಲಿನ ಸಂರಕ್ಷಿತ ಮೀಸಲು ಸ್ಥಾನಮಾನವನ್ನು ಕೈಬಿಟ್ಟಾಗ ಜನ ಬೀದಿಗಿಳಿದರು. ಮಠಾಧೀಶರು, ರೈತರು, ವಿದ್ಯಾರ್ಥಿಗಳು ಒಂದಾದರು. 2017ರಲ್ಲಿ ಸ್ಥಾನಮಾನ ಮರಳಿತು, 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಅಲ್ಲಿ ಹುಲಿಯಿಲ್ಲ, ಆನೆಯಿಲ್ಲ, ಜಲಪಾತದ ವೈಭವವಿಲ್ಲ. ಇದ್ದದ್ದು ಔಷಧಿ ಸಸ್ಯಗಳಿಗಾಗಿ ತಲೆತಲಾಂತರದಿಂದ ಆ ಗುಡ್ಡ ಹತ್ತಿಳಿದ ಜನರ ಪ್ರೀತಿ. ಹಾಗೆ ಪ್ರೀತಿಸುವವರು ಧಾರವಾಡದ ಪಶ್ಚಿಮದ ಅಡವಿಗೆ ಎಷ್ಟು ಜನರಿದ್ದಾರೆ?

ಟಿಕೆಟ್ಟಿನವರಿಗೆ ಬಾಗಿಲು, ಹೊರೆಯವರಿಗೆ ದಂಡ

ಕಟ್ಟಿಗೆಯ ಹೊರೆ ಹೊತ್ತು ಬರುವ ಹೆಣ್ಣುಮಗಳನ್ನು ನಿಲ್ಲಿಸಿ ‘ಅಡವಿ ಹಾಳು ಮಾಡುತ್ತೀಯಾ?’ ಎಂದು ಗದರಿಸುವ ವ್ಯವಸ್ಥೆಯೇ, ಡೀಸೆಲ್ ಹೊಗೆ ಕಾರುವ ಜೀಪಿಗೆ ಸಲಾಮು ಹೊಡೆದು ಗೇಟು ತೆರೆಯುತ್ತದೆ. ಹತ್ತು ದನ ಮೇಯಿಸಿದ ಗೌಳಿ ಅಪರಾಧಿ. ಹಳ್ಳದ ದಂಡೆಯಲ್ಲಿ ಕೊಳವೆಬಾವಿ ಕೊರೆದು ಈಜುಕೊಳ ತುಂಬಿಸಿದವನು ಉದ್ಯಮಿ. ಕಲಘಟಗಿ, ಹಳಿಯಾಳ, ಮುಂಡಗೋಡ, ಯಲ್ಲಾಪುರಗಳ ಸಿದ್ದಿ, ಗೌಳಿ, ಕುಣಬಿ ಕುಟುಂಬಗಳಿಗೆ 2006ರ ಅರಣ್ಯ ಹಕ್ಕು ಕಾಯ್ದೆ ಹಕ್ಕಿನ ಭರವಸೆ ಕೊಟ್ಟಿತು. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು 75 ವರ್ಷಗಳ ದಾಖಲೆ ಹುಡುಕಿಕೊಂಡು ಕಚೇರಿಯಿಂದ ಕಚೇರಿಗೆ ಅಲೆಯಬೇಕು. ಪ್ರವಾಸಿಗನಿಗೆ ಮೊಬೈಲಿನಲ್ಲಿ ನಿಮಿಷದೊಳಗೆ ಪ್ರವೇಶ ಸಿಗುತ್ತದೆ. ಇದೇ ನಮ್ಮ ಕಾಲದ ವಿಪರ್ಯಾಸ.

‘ಪ್ರವಾಸೋದ್ಯಮದಿಂದ ಹಳ್ಳಿಗೆ ಉದ್ಯೋಗ ಬರುತ್ತದಲ್ಲ?’ ಎಂಬ ಪ್ರಶ್ನೆ ಸಹಜ. ಬರುತ್ತದೆ. ಆದರೆ ಎಂಥ ಉದ್ಯೋಗ ಎಂಬುದನ್ನು ಕೇಳಿಕೊಳ್ಳೋಣ. ಅಡವಿಯ ನೂರು ಗಿಡದ ಹೆಸರು ಬಲ್ಲ ಹಿರಿಯನ ಮಗ ರೆಸಾರ್ಟಿನಲ್ಲಿ ತಟ್ಟೆ ಎತ್ತುತ್ತಾನೆ. ಅಡವಿಯನ್ನು ಪ್ರವಾಸಿಗರಿಗೆ ವಿವರಿಸಲು ನಗರದಿಂದ ಬೇರೊಬ್ಬ ಬರುತ್ತಾನೆ. ನೆಲ ನಮ್ಮದು, ನೀರು ನಮ್ಮದು, ಕಸ ನಮ್ಮದು. ಲಾಭ ಮಾತ್ರ ಬೇರೆಯವರದು. ಹಳ್ಳಿಗರೇ ನಿಯಮ ರೂಪಿಸಿ, ಹಳ್ಳಿಗರೇ ದಾರಿ ತೋರಿಸಿ, ಊಟ ಹಾಕಿ, ಬಂದ ಹಣದಲ್ಲಿ ಊರಿನ ಕೆರೆಯ ಹೂಳೆತ್ತುವ ವ್ಯವಸ್ಥೆಯಿದ್ದರೆ ಅದನ್ನು ನಾವು ಮೊದಲಾಗಿ ಸ್ವಾಗತಿಸುತ್ತೇವೆ.

ಇನ್ನೊಂದು ದಿಕ್ಕಿನಿಂದ ಬರುವ ಆಕ್ಷೇಪವೂ ಇದೆ: ‘ಜನ ಹೋದಲ್ಲೆಲ್ಲ ಅಡವಿ ಹಾಳಾಗುತ್ತದೆ; ಆದ್ದರಿಂದ ಯಾರನ್ನೂ ಬಿಡಬೇಡಿ.’ ಇದರಲ್ಲಿ ಸತ್ಯಾಂಶವಿದೆ. 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜನಜಂಗುಳಿ ಸೇರಿದ್ದನ್ನು ನಾಡೇ ನೋಡಿತು. ಅದರ ನಂತರ ಸರ್ಕಾರ ಚಾರಣಕ್ಕೆ ಕಡಿವಾಣ ಹಾಕಿ, ಮುಂಗಡ ನೋಂದಣಿಯ ವ್ಯವಸ್ಥೆ ತಂದದ್ದು ಸರಿಯಾದ ಕ್ರಮವೇ. ಹುಲಿ ಸಂರಕ್ಷಿತ ಪ್ರದೇಶದ ಒಳಭಾಗ ನಮ್ಮ ವಿಹಾರಕ್ಕಲ್ಲ. ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ಪ್ರವೇಶಿಸುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ ಎಂಬುದನ್ನೂ ವಿದ್ಯಾರ್ಥಿಗಳು ಮರೆಯಬಾರದು. ಆದರೆ ಸಾವಿರ ಜನ ಒಂದೇ ದಿನ ಒಂದೇ ಶಿಖರಕ್ಕೆ ನುಗ್ಗುವುದೂ, ಎಂಟು ಜನ ಊರಿನ ಹಿರಿಯರೊಬ್ಬರ ಹಿಂದೆ ಬಂಡಿದಾರಿಯಲ್ಲಿ ನಡೆಯುವುದೂ ಒಂದೇ ಅಲ್ಲ. ಎರಡಕ್ಕೂ ಒಂದೇ ಬೀಗ ಹಾಕುವುದು ಸೋಮಾರಿ ಆಡಳಿತದ ಲಕ್ಷಣ. ಅದಲ್ಲದೆ, ಜನರನ್ನು ಹೊರಗಿಟ್ಟ ಅಡವಿ ಗಣಿಗೂ ಗುತ್ತಿಗೆದಾರನಿಗೂ ಹೊರಗಾಗಿ ಉಳಿದ ಉದಾಹರಣೆ ಎಲ್ಲಿದೆ? ಸಾಕ್ಷಿಯಿಲ್ಲದ ಜಾಗದಲ್ಲೇ ಕಳ್ಳತನ ಸಲೀಸು.

ಹಾಗಾದರೆ ನಡೆಯುವುದು ಹೇಗೆ?

ವಿದ್ಯಾರ್ಥಿಗಳೇ, ದೂರದ ದಾಂಡೇಲಿಗೆ ವರ್ಷಕ್ಕೊಮ್ಮೆ ಹೋಗುವ ಬದಲು ಹತ್ತಿರದ ಒಂದೇ ದಾರಿಯನ್ನು ಆರಿಸಿಕೊಳ್ಳಿ. ಕಲಘಟಗಿಯ ದೇವಿಕೊಪ್ಪದ ಕಡೆಯದಿರಲಿ, ತಂಬೂರಿನ ಬಸವಣ್ಣನ ಗುಡಿಯ ಸುತ್ತಲಿನದಿರಲಿ, ಅಳ್ನಾವರದ ಆಚೆಯದಿರಲಿ. ಅರಣ್ಯ ಇಲಾಖೆಯ ಅನುಮತಿ ಪಡೆದು, ಊರಿನವರನ್ನು ಜೊತೆಗೆ ಕರೆದುಕೊಂಡು, ಅದೇ ದಾರಿಯಲ್ಲಿ ಆರು ಋತುಗಳಲ್ಲೂ ನಡೆಯಿರಿ. ಹತ್ತು ಜನಕ್ಕಿಂತ ಹೆಚ್ಚು ಬೇಡ. ಆನೆ ತಿರುಗಾಡುವ ಕಾಲದಲ್ಲಿ ಊರಿನವರು ಬೇಡವೆಂದರೆ ಬೇಡ. ಬೇಸಿಗೆಯಲ್ಲಿ ಬೆಂಕಿಕಡ್ಡಿ ಜೇಬಿನಲ್ಲಿರಬಾರದು. ಹಾಡು ಮನೆಯಲ್ಲಿರಲಿ, ಕಿವಿ ಮಾತ್ರ ಜೊತೆಗಿರಲಿ.

ಒಂದು ದಪ್ಪ ನೋಟುಪುಸ್ತಕ ಇಟ್ಟುಕೊಳ್ಳಿ. ಯಾವ ಮರ ಯಾವ ವಾರ ಹೂ ಬಿಟ್ಟಿತು, ಯಾವ ಹಳ್ಳ ಯಾವ ತಿಂಗಳು ಬತ್ತಿತು, ಯಾವ ಗುರುತು ಎಲ್ಲಿ ಕಂಡಿತು ಎಂದು ದಿನಾಂಕ ಸಹಿತ ಬರೆಯಿರಿ. ಗಿಡದ ಊರಿನ ಹೆಸರನ್ನು ಮೊದಲು ಬರೆದು, ಶಾಸ್ತ್ರೀಯ ಹೆಸರನ್ನು ಆಮೇಲೆ ಹುಡುಕಿ. ವೀರಗಲ್ಲು ಕಂಡರೆ ಕುಂಕುಮ ಎರಚಿ ಚಿತ್ರ ತೆಗೆಯುವುದಕ್ಕಿಂತ, ಅದರ ಕಥೆಯನ್ನು ಊರಿನ ಅಜ್ಜ-ಅಜ್ಜಿಯರಿಂದ ಕೇಳಿ ಬರೆದುಕೊಳ್ಳಿ. ಅಪರೂಪದ ಹಕ್ಕಿಯ ಗೂಡು, ಔಷಧಿ ಗಿಡದ ನೆಲೆಗಳನ್ನು ಜಗಜ್ಜಾಹೀರು ಮಾಡಬೇಡಿ, ಕಳ್ಳರೂ ಓದಬಲ್ಲವರೇ. ಐದು ವರ್ಷದ ಇಂಥ ಒಂದು ಪುಸ್ತಕ, ಎರಡು ದಿನ ಬಂದು ಹೋಗುವ ಸಲಹಾ ಸಂಸ್ಥೆಯ ವರದಿಯ ಎದುರು ನಿಲ್ಲಬಲ್ಲ ಪುರಾವೆ.

ಗ್ರಾಮಸ್ಥ ಬಂಧುಗಳೇ, ನಿಮ್ಮಲ್ಲೊಂದು ವಿನಂತಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧವಾಗಿರಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ ಅಂತ್ಯದ ಗಡುವು ವಿಧಿಸಿತ್ತು. ನಿಮ್ಮ ಪಂಚಾಯಿತಿಗೆ ಹೋಗಿ ಆ ದಾಖಲಾತಿಯನ್ನು ತೋರಿಸಿ ಎಂದು ಕೇಳಿ. ಅದರಲ್ಲಿ ನಿಮ್ಮ ಊರಿನ ಹಳ್ಳದ ಹೆಸರಿದೆಯೇ, ದೇವರ ಮರದ ಹೆಸರಿದೆಯೇ, ಕವಳಿ-ಕಾರಿ ಹಣ್ಣುಗಳಿವೆಯೇ ನೋಡಿ. ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಎದ್ದುನಿಂತು ಸೇರಿಸಿರೆಂದು ಒತ್ತಾಯಿಸಿ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಒಬ್ಬೊಬ್ಬರ ಸಾಗುವಳಿಗೆ ಮಾತ್ರವಲ್ಲ, ಊರಿಗೇ ಸಾಮೂಹಿಕ ಹಕ್ಕು ಕೇಳುವ, ಊರೇ ಅಡವಿಯನ್ನು ಕಾಯುವ ಅವಕಾಶವಿದೆ. ಅದಕ್ಕೆ ಬೇಕಾದ ನಕ್ಷೆಯನ್ನು ನೀವೂ ವಿದ್ಯಾರ್ಥಿಗಳೂ ಕೂಡಿ ನಡೆದೇ ಬರೆಯಬಹುದು. ನಿಮ್ಮ ಹಿರಿಯರಿಗೆ ಗೊತ್ತಿರುವುದನ್ನು ‘ಹಳೆಯ ಕಾಲದ ಮಾತು’ ಎಂದು ನೀವೇ ಕಡೆಗಣಿಸಿದರೆ, ಹೊರಗಿನವರು ಕಡೆಗಣಿಸುವುದನ್ನು ದೂರಲು ನಮಗೆ ಯಾವ ನೈತಿಕ ಹಕ್ಕಿದೆ?

ಅರಣ್ಯ ಇಲಾಖೆಗೆ ನಮ್ಮ ಬೇಡಿಕೆ ಸರಳವಾದದ್ದು. ಅಡವಿಯಂಚಿನ ಪ್ರತಿ ವಲಯದಲ್ಲೂ ಶಾಲೆ-ಕಾಲೇಜಿನ ಸಣ್ಣ ಗುಂಪುಗಳಿಗೆ ಹಳ್ಳಿಗರ ಮಾರ್ಗದರ್ಶನದಲ್ಲಿ ನಡೆಯಲು ಸುಲಭದ, ಶುಲ್ಕವಿಲ್ಲದ ಅನುಮತಿ ಕೊಡಿ. ದಾರಿ ತೋರಿಸುವವರಿಗೆ ಗೌರವದ ಸಂಭಾವನೆ ಕೊಡಿ. ಯಾವುದೇ ಯೋಜನೆಗೆ ಅರಣ್ಯ ಕೊಡುವ ಮುನ್ನ ಕಡತ ತಂದವರನ್ನು ಆ ನೆಲದ ಮೇಲೆ, ಆ ಊರಿನವರ ಜೊತೆಗೆ, ತುದಿಯಿಂದ ತುದಿಯವರೆಗೆ ನಡೆಸಿ. ನಡೆಯಲು ಒಲ್ಲದವನಿಗೆ ಕಡಿಯಲು ಸಹಿ ಹಾಕುವ ಅಧಿಕಾರ ಇರಬಾರದು.

ನಡೆಯದವರು ಬರೆದ ನಕ್ಷೆಯಲ್ಲಿ ನಮ್ಮ ಅಡವಿ ಒಂದು ಖಾಲಿ ಜಾಗ. ಆ ಖಾಲಿ ಜಾಗವನ್ನು ಹಳ್ಳ, ಮರ, ಹಕ್ಕಿ, ಕಲ್ಲು, ಕಥೆಗಳ ಹೆಸರಿನಿಂದ ತುಂಬುವುದು ನಮ್ಮ ಕಾಲಿನ ಕೆಲಸ. ಮುಂಗಾರಿಗೆ ಮುನ್ನ ಒಂದು ದಾರಿ ಆರಿಸಿಕೊಳ್ಳಿ.